ಸುರಂಗದೊಳಗೆ ಸಿಳ್ಳೆ

ನಮ್ಮ ಯಜಮಾನರು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸಿ ನಿವೃತ್ತರಾದವರು. ಬೆಟ್ಟದ ರೈಲಿನಲ್ಲಿ ನೂಕುನುಗ್ಗಲಿನಲ್ಲೂ ಹೋರಾಡಿ ಅವರಿಗೆಂದೇ ಕಿಟಕಿಯ ಸೀಟು ಹಿಡಿದಿದ್ದೆ. ಅವರೋ ಕಿಟಕಿ ಬಿಟ್ಟು ಸೀಟಿನ ಈಚೆ ತುದಿಯಲ್ಲಿ ಕೂತರು.

“ಪರದೆಗೆ ಅಷ್ಟು ಹತ್ತಿರ ಯಾರೇ ಕೂರ್ತಾರೆ? ಕುತ್ತಿಗೆ ಹಿಡ್ಕೊಳ್ಳುತ್ತೆ.”

ನನಗೆ ಮೈ ಉರಿದುಹೋಯಿತು. ಅವರು ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡು ಹಾಕಿ, ಕಣಿವೆ, ಜಲಪಾತಗಳನ್ನು ಅಲ್ಲಿಂದಲೇ ನೋಡುತ್ತ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಅಷ್ಟರಲ್ಲಿ ರೈಲು ಸುರಂಗ ಹೊಕ್ಕಿತು. ಕಿಟಕಿ ಕಪ್ಪಾಯಿತು, ಹಾಡು ಮಾತ್ರ ಓಡುತ್ತಲೇ ಇತ್ತು. ಬೋಗಿಯವರೆಲ್ಲ ಹೋ ಎಂದು ಕೂಗಿ ಸಿಳ್ಳೆ ಹೊಡೆದರು. ಇವರು ದಡಬಡನೆ ಎದ್ದು, “ಬಂದೆ ಬಂದೆ, ರೀಲ್ ಕಟ್ಟಾಯ್ತು!” ಎನ್ನುತ್ತ ಕತ್ತಲಲ್ಲಿ ತಡಕಾಡಿದರು. ಕೈಗೆ ಸಿಕ್ಕಿದ್ದು ನನ್ನ ಜಡೆ.

“ಕೂತ್ಕೊಳ್ರೀ, ಇದು ರೈಲು!”

ಬೆಳಕು ತಾನಾಗಿಯೇ ಬಂತು. ಕಣಿವೆ ಮತ್ತೆ ಹಸಿರಾಗಿ ತೆರೆದುಕೊಂಡಿತು. ಅವರು ಸುತ್ತ ನೋಡಿದರು. ಯಾರೂ ಬೈಯುತ್ತಿರಲಿಲ್ಲ, ಎಲ್ಲರೂ ನಗುತ್ತಿದ್ದರು. ಮೆಲ್ಲಗೆ ಸರಿದು ಬಂದು ಕಿಟಕಿಗೇ ಅಂಟಿ ಕೂತರು.

“ಜನ್ಮದಲ್ಲಿ ಮೊದಲನೇ ಸಲ ಕಣೇ, ಕತ್ತಲಾದ್ರೂ ಯಾರೂ ನನ್ನ ಬೈಲಿಲ್ಲ,” ಎಂದರು. ಆಮೇಲೆ ಕಿಟಕಿಯಾಚೆ ಇಣುಕುತ್ತ ಕೇಳಿದರು:

“ಇನ್ನೊಂದು ಸುರಂಗ ಯಾವಾಗ ಬರುತ್ತೆ?”