ಏಡಿ ಬಿಲದ ಅನ್ನ

"ಕೈಗೇನ್ ಲಕ್ವ ಹೊಡ್ದದಾ? ಬಿಲದ್ ಬಾಯ್ಲೇ ಇಟ್ರೆ ಆ ಮೇಡಂ ಕಣ್ಗೆ ಬೀಳಕಿಲ್ವ? ಒಳಕ್ ತಳ್ಳು ಮುಂಡೆ, ಮೊಣಕೈಗಂಟ ತಳ್ಳು!"

ಸಿದ್ದಮಲ್ಲಪ್ಪ ಬದುವಿನ ಮೇಲೆ ನಿಂತು, ಮೂಗಿಗೆ ಟವೆಲ್ ಒತ್ತಿಕೊಂಡು ಬೈಯುತ್ತಿದ್ದ. ಇನ್ನೂ ಹೊತ್ತು ಹುಟ್ಟಿರಲಿಲ್ಲ. ಚಿಕ್ಕಮಾದಮ್ಮ ಮಂಡಿಯೂರಿ, ಔಷಧಿ ಕಲಸಿದ ಅನ್ನದ ಉಂಡೆಯನ್ನು ಏಡಿ ಬಿಲದೊಳಗೆ ತುರುಕಿದಳು. ಒಂದು ಕೈಯಲ್ಲಿ ಬೋಸಿ, ಇನ್ನೊಂದರಲ್ಲಿ ಅನ್ನ. ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು?

ಕುದೇರಿನಾಚೆಯ ಆ ಗದ್ದೆಗೆ ವಿಷ ಹಾಕುವುದಿಲ್ಲವೆಂದು ಸಿದ್ದಮಲ್ಲಪ್ಪ ಕಾಲೇಜಿನವರಿಗೆ ಬರೆದುಕೊಟ್ಟಿದ್ದ. ಪ್ರಾಣಿಶಾಸ್ತ್ರದ ಶಿವರಂಜಿನಿ ಮೇಡಂ ವಾರಕ್ಕೊಮ್ಮೆ ಬಂದು ಏಡಿಗಳನ್ನು ಎಣಿಸುತ್ತಿದ್ದರು. ವಿಷವಿಲ್ಲದೆ ಬದು ಉಳಿಸುವುದು ಹೇಗೆ ಎಂಬುದು ಅವರ ಸಂಶೋಧನೆ. ಬಿತ್ತನೆ ಬೀಜ, ಗೊಬ್ಬರ ಎಲ್ಲ ಕಾಲೇಜಿನದೇ. ಆದರೆ ಏಡಿ ಕೊರೆದ ತೂತುಗಳಿಂದ ತನ್ನ ನೀರು ಕೆಳಗಿನವರ ಗದ್ದೆಗೆ ಸೋರುವುದನ್ನು ಕಂಡರೆ ಸಿದ್ದಮಲ್ಲಪ್ಪನ ಹೊಟ್ಟೆ ಉರಿಯುತ್ತಿತ್ತು.

"ಬುದ್ದಿ, ಇದ್ಯಾವ್ ಔಸ್ದಿ?"

"ಅದ್ರ ಜಾತ್ಕ ನಿಂಗ್ಯಾಕಮ್ಮಿ? ನೀನೇನ್ ಉಣ್ಬೇಕಾ? ಬಾಯ್ ಬುಟ್ಟೋ, ಊರಲ್ ಒಬ್ರೂ ನಿನ್ನ ಕೂಲಿಗ್ ಕರೀದಂಗ್ ಮಾಡ್ಬುಡ್ತೀನಿ."

ಅವಳು ಸುಮ್ಮನೆ ಕೇಳಿದ್ದಲ್ಲ. ಹೋದ ವರ್ಷ ಹರದನಹಳ್ಳಿಯ ತೋಟದಲ್ಲಿ ಔಷಧಿ ಹೊಡೆಯುತ್ತ ಅವಳ ಕೇರಿಯ ರಂಗರಾಜು ಬಿದ್ದಾಗ, ಡಾಕ್ಟರು ಮೊದಲು ಕೇಳಿದ್ದೇ ಔಷಧಿಯ ಹೆಸರು. ಯಾರಿಗೂ ಗೊತ್ತಿರಲಿಲ್ಲ. ಬಾಟಲಿ ಹುಡುಕಿ ತರುವ ಹೊತ್ತಿಗೆ ಅವನ ಮೇಲೆ ಬಟ್ಟೆ ಹೊದಿಸಿದ್ದರು.

ಹನ್ನೊಂದಕ್ಕೆ ಮೇಡಂ ಬಂದರು.

"ಯಜಮಾನ್ರೇ, ಔಷಧಿ ಏನೂ ಹಾಕಿಲ್ಲ ತಾನೆ? ಈ ವಾರ ಏಡಿ ಕಾಣ್ತಾನೇ ಇಲ್ಲ."

"ಎಲ್ಲಾರ ಉಂಟಾ ಮೇಡಂ! ನೀವ್ ಏಡಿ ಅನ್ನೋ ಈ ನಳ್ಳಿಗಳ್ನ ಮನೆ ಅಳಿಯಂದಿರ್ನ ನೋಡ್ಕಂಡಂಗೆ ನೋಡ್ಕತಾ ಇವ್ನಿ."

ಮೇಡಂ ನಕ್ಕು ಬರೆದುಕೊಂಡರು. ವಿಷ ಇಟ್ಟವಳು ಮೂರು ಮಾರು ದೂರದಲ್ಲಿ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಅವಳನ್ನು ಒಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತೆಂದು ಉಸಿರು ಬಿಟ್ಟಳು; ಹಾಗೆ ಬಿಟ್ಟ ಉಸಿರಿಗೆ ತಾನೇ ನಾಚಿದಳು.

ಮಧ್ಯಾಹ್ನ ಕೇರಿಗೆ ಬಂದಾಗ ಮನೆಯಿಂದ ಏಡಿ ಸಾರಿನ ಘಮ ಹೊರಗೆ ಬರುತ್ತಿತ್ತು. ಆರು ತಿಂಗಳ ಬಸುರಿ ಮಗಳು ಭಾನು ಕೆಮ್ಮೆಂದು ತವರಿಗೆ ಬಂದಿದ್ದಳು. ಕೆಮ್ಮಿಗೆ ಏಡಿ ಸಾರು ಕೇರಿಯ ಮದ್ದು. ಪಕ್ಕದ ಮನೆಯ ಸಣ್ಣತಾಯಮ್ಮ ಒಲೆ ಮುಂದೆ ಕೂತು ಬೀಗುತ್ತಿದ್ದಳು.

"ಸಿದ್ದಮಲ್ಲಪ್ಪನ್ ಗದ್ದೆ ಕೆಳ್ಗಡೆ ಕಾಲ್ವೇಲಿ, ಕುಡ್ದು ಬಿದ್ದ ಗಂಡಸ್ರಂಗೆ ಮಲ್ಗಿದ್ವು ಕಣಮ್ಮಿ! ಒಂದಾದ್ರೂ ಕಚ್ಬೇಕಲ್ಲ? ಮಡ್ಲು ತುಂಬ್ಕ ಬಂದೆ. ಬಸುರೆಂಗ್ಸು ಮೊದ್ಲು ಉಣ್ಲಿ ಅಂತ ನಾನಿನ್ನೂ ಬಾಯ್ಗೇ ಇಟ್ಟಿಲ್ಲ."

ಕಚ್ಚದ ಏಡಿ. ಚಿಕ್ಕಮಾದಮ್ಮನ ಕಣ್ಣು ಮಗಳ ತಟ್ಟೆಗೆ ಹೋಯಿತು. ತಟ್ಟೆಯ ಅಂಚಿನಲ್ಲಿ ಸೀಪಿ ಬಿಟ್ಟ ಕಾಲುಗಳು.

"ಅವ್ವ, ಯಾಕೋ ಬಾಯ್ತುಂಬ ಜೊಲ್ಲು ಬತ್ತದೆ. ಕಣ್ಣು ಮಂಜಾಯ್ತಾ ಅದೆ," ಎಂದಳು ಭಾನು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕೈ ಹೊಟ್ಟೆಯ ಮೇಲಿತ್ತು.

ಸಾರಿನ ಗಡಿಗೆ ಅಂಗಳಕ್ಕೆ ಹಾರಿತು. ಇಬ್ಬರೂ ಸೇರಿ ಭಾನುವನ್ನು ಆಟೋಗೆ ಹತ್ತಿಸಿದರು.

"ನೀ ಆಸ್ಪತ್ರೆಗ್ ಓಗು ಸಣ್ಣತಾಯಿ, ನಿಲ್ಬೇಡ. ಔಸ್ದಿ ಹೆಸ್ರ ನಾ ಕೇಳ್ಕ ಬತ್ತೀನಿ."

"ಯಾವ್ ಔಸ್ದಿನಮ್ಮಿ?"

ಚಿಕ್ಕಮಾದಮ್ಮ ಆಗಲೇ ಅಂಗಳ ದಾಟಿದ್ದಳು. ಗದ್ದೆಯ ಕಡೆ ಓಡುತ್ತಿದ್ದಳು. ಓಡುತ್ತ ಓಡುತ್ತ ತನ್ನ ಕೈಯನ್ನೇ ನೋಡಿಕೊಂಡಳು. ಈ ಕೈಯೇ, ಈ ಐದು ಬೆರಳೇ.

ಮೇಡಂ ಇನ್ನೂ ಬದುವಿನ ಮೇಲಿದ್ದರು. ಸಿದ್ದಮಲ್ಲಪ್ಪ ಅವರಿಗೆ ಎಳನೀರು ಕೆತ್ತಿಸಿ ಕೊಟ್ಟಿದ್ದ.

"ಬುದ್ದಿ, ಕೂಸು ಸಾಯ್ತದೆ. ನಳ್ಳಿ ಉಂಡ್ಬುಟ್ಟವ್ಳೆ. ಒತ್ತಾರೆ ಕೊಟ್ರಲ್ಲ, ಅದ್ರ ಹೆಸ್ರೇಳಿ."

"ಯಾವ್ದಮ್ಮಿ? ಯಾರ್ ಕೊಟ್ರು? ಹೆಂಡ ಕುಡ್ದಿದ್ದೀಯೇನು? ನಡಿ ಆಚ್ಗೆ!"

ಅವಳು ಬಗ್ಗಿದಳು. ಹತ್ತಿರದ ಬಿಲಕ್ಕೆ ಮೊಣಕೈವರೆಗೂ ಕೈ ಇಟ್ಟು ಕೆಸರಿನ ಜೊತೆ ಉಂಡೆಯನ್ನು ಎಳೆದು ತೆಗೆದಳು.

"ಮೇಡಮ್ಮೋರೆ, ಇದ ನಾನೇ ಹಾಕ್ದೆ. ಇವ್ರೇ ಹಾಕ್ಸುದ್ರು. ಈ ಬದು ಪೂರ್ತಿ."

ಮೇಡಂ ಕೈಯಿಂದ ಎಳನೀರು ಬಿತ್ತು. ಸಿದ್ದಮಲ್ಲಪ್ಪ ನಗಲು ನೋಡಿದ.

"ಬರೀ ಅನ್ನ ಮೇಡಂ ಅದು. ಮೀನ್ಗೆ ಹಾಕ್ಸಿದ್ದೆ. ಈ ಕುಡುಕಿ ಮಾತ್ ಏನ್ ಕೇಳ್ತೀರಿ..."

"ಬರೀ ಅನ್ನವಾ?"

ಹಾಗೆ ಕೇಳುತ್ತಲೇ ಚಿಕ್ಕಮಾದಮ್ಮ ಅವನತ್ತ ನಡೆದಳು. ಮೂವತ್ತು ವರ್ಷ ಆ ಗದ್ದೆಯಲ್ಲಿ ದುಡಿದರೂ ಅವನಿಗೆ ಅಷ್ಟು ಹತ್ತಿರ ಅವಳು ಬಂದದ್ದಿಲ್ಲ. ಸೀರೆಯಲ್ಲಿ ಉಚ್ಚೆ ಇಳಿದದ್ದು ಅವಳಿಗೆ ಗೊತ್ತಾಯಿತು. ಉಂಡೆಯ ಕೈ ಎತ್ತಿದಳು.

"ಅಂಗಾದ್ರೆ ಒಂದ್ ತುತ್ತು ಉಣ್ಣಿ ಬುದ್ದಿ. ನನ್ ಕೈಯಾರೆ ಉಣ್ಣಿ. ಇಲ್ದಿದ್ರೆ ಹೆಸ್ರೇಳಿ."

"ಮುಟ್ಬೇಡ! ಲೇ, ಮುಟ್ಬೇಡ..."

ಅವನು ಹಿಂದೆ ಸರಿದ. ಹಿಮ್ಮಡಿ ಬದುವಿನಿಂದ ಜಾರಿ ಒಂದು ಕಾಲು ಕೆಸರಿಗೆ ಇಳಿಯಿತು. ಅವಳೂ ಇಳಿದಳು. ಸೊಂಟದಲ್ಲಿ ಸಿಕ್ಕಿಸಿದ ಫೋನು ಹೊಡೆದುಕೊಳ್ಳತೊಡಗಿತು; ಆಸ್ಪತ್ರೆಯಿಂದ ಸಣ್ಣತಾಯಿಯೇ ಇರಬೇಕು. ಅವಳು ತೆಗೆಯಲಿಲ್ಲ. ಫೋನು ನಿಂತು, ಮತ್ತೆ ಹೊಡೆದುಕೊಂಡಿತು. ಅವನ ಬಿಗಿದ ತುಟಿಗೆ ಎರಡು ಬೆರಳಿನಷ್ಟು ದೂರದಲ್ಲಿ ಆ ಅನ್ನ ಹಾಗೇ ನಿಂತಿತ್ತು.