ಹಾವಿನ ಮದ್ದಿನ ಪಟ್ಟಿ

ಒಂದು ಊರಂತೆ, ಹುಣಸೂರು ಅಂತ ಅದರ ಹೆಸರಂತೆ. ಅಲ್ಲಿಯ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅಕ್ಕ ತಂಗಿ ಇದ್ದರಂತೆ. ಅಕ್ಕ ಕಣ್ಣು ಮುಚ್ಚಿದರೆ ಅವಳ ಕೆಲಸವನ್ನು ತಂಗಿ ಎತ್ತಿಕೊಳ್ಳಬೇಕು. ಆದರೆ ತಂಗಿಗೊಂದು ಶಾಪ. ಯಾವ ಯಾವ ಕೆಲಸವೆಂದು ಮೊದಲೇ ಒಂದೊಂದಾಗಿ ಹೇಳಿಟ್ಟಿರಬೇಕು. ಹೇಳದ್ದನ್ನು ಅವಳು ಕಣ್ಣೆತ್ತಿಯೂ ನೋಡಳು.

ಅಜ್ಜಿಯ ಕಥೆ ಕೇಳಿ ಬೆಳೆದ ನನಗೆ ಎರಡು ಸರ್ವರ್‌ಗಳು ಹೀಗೆಯೇ ಕಂಡಿದ್ದವು. ಹೇಳಿಡಬೇಕಾದವಳು ನಾನೇ.

ಅದು ಎರಡು ಸಾವಿರದ ಐದನೇ ಇಸವಿ. ನಮ್ಮ ಟ್ರಸ್ಟಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಆಸ್ಪತ್ರೆಗಳಿದ್ದವು. ನಾಲ್ಕೂ ಕಡೆಯ ಕಂಪ್ಯೂಟರುಗಳು ಈ ಅಕ್ಕ ತಂಗಿಯರನ್ನೇ ನೆಚ್ಚಿಕೊಂಡಿದ್ದವು. ಚೀಟಿ, ಔಷಧಿ, ಲ್ಯಾಬು, ಈ ಮೂರು ಅಪ್ಲಿಕೇಶನ್‌ಗಳಿಗೆ ಫೇಲ್‌ಓವರ್, ಅಂದರೆ ಅಕ್ಕ ನಿಂತರೆ ತಂಗಿಗೆ ಒಪ್ಪಿಸುವ ಏರ್ಪಾಡು, ಹೊಂದಿಸಿ ಮುಗಿಸಿದ್ದೆ. ನಾಲ್ಕನೆಯದು, ಹಾವು ಕಡಿತದ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಎಷ್ಟಿದೆ ಎಂದು ತೋರಿಸುವ ಪಟ್ಟಿ. ತುರ್ತು ಚಿಕಿತ್ಸೆಯ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತ ನರ್ಸ್ ಸುನಂದಮ್ಮ ಕೇಳಿ ಮಾಡಿಸಿಕೊಂಡದ್ದು. ಅದರ ಸೆಟ್ಟಿಂಗ್ ಮೊದಲಿದ್ದಂತೆಯೇ ಉಳಿದಿತ್ತು: ಯಂತ್ರ ನಿಂತರೆ ಇದೂ ನಿಲ್ಲಲಿ. ಅವರು ವಾರವಾರವೂ ಕೇಳುತ್ತಿದ್ದರು. ಶನಿವಾರ ಖಂಡಿತ ಎಂದು ನಾನು ಮಾತು ಕೊಡುತ್ತಿದ್ದೆ. ಶನಿವಾರ ಬಂದರೆ ಪಟ್ಟಿಯ ಮೇಲೊಂದು ಹೆಡೆ ಬಿಚ್ಚಿದ ಹಾವಿನ ಚಿತ್ರ ಬರೆದು, ಅದಕ್ಕೆ ಬಣ್ಣ ಹಚ್ಚುತ್ತಾ ಕೂತಿರುತ್ತಿದ್ದೆ.

ಆಯುಧಪೂಜೆ ಬಂತು. ಪೂಜೆಯಾದ ಆಯುಧವನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟಬಾರದು. ಹಿಂದೆಲ್ಲ ಒಂದೇ ಸರ್ವರ್ ಇದ್ದದ್ದರಿಂದ ಕುಂಕುಮವಿಟ್ಟು ಸುಮ್ಮನಾಗುತ್ತಿದ್ದರು. ಈ ಸಲ ಎರಡಿವೆ, ಅಕ್ಕನಿಗೆ ವಿಶ್ರಾಂತಿ ಕೊಡಬಹುದೆಂದು ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕ ಅಣ್ಣಯ್ಯನವರಿಗೆ ಸಂಭ್ರಮ. ಚೆಂಡುಹೂವಿನ ಹಾರ ಹಾಕಿ, ಎಲ್ಲರೆದುರು ನನ್ನ ಕಡೆ ತಿರುಗಿದರು.

“ಏನವ್ವ ಪ್ರಮೀಳಾ, ಎಲ್ಲಾ ತಂಗಿಗೆ ಒಪ್ಪಿಸಿದ್ದೀಯ ತಾನೆ? ಆರಿಸ್ಲಾ?”

ಇಷ್ಟು ಜನ ನೋಡುತ್ತಿರುವಾಗ ಇಲ್ಲ ಎನ್ನುವುದು ಹೇಗೆ? ಒಂದೇ ದಿನ ತಾನೆ ಎಂದುಕೊಂಡೆ.

“ಆರಿಸಿ ಸಾರ್” ಎಂದೆ.

ಮಧ್ಯಾಹ್ನ ಮೂರಕ್ಕೆ ಗುರುಪುರದಿಂದ ಕೆಂಪಾಜಮ್ಮನನ್ನು ಕರೆತಂದರು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಎಲೆಯ ರಾಶಿಯೊಳಗಿದ್ದ ಕೊಳಕುಮಂಡಲ ಬಲಗೈಗೆ ಕಚ್ಚಿತ್ತು. ನಮ್ಮಲ್ಲಿ ಇಂಜೆಕ್ಷನ್ ಮುಗಿದು ಎರಡು ದಿನವಾಗಿತ್ತು. ಸುನಂದಮ್ಮ ಪಟ್ಟಿ ತೆರೆದರೆ ಪರದೆ ಖಾಲಿ. ಪಿರಿಯಾಪಟ್ಟಣಕ್ಕೆ ಫೋನ್ ಮಾಡಿದರು, ಪೂಜೆಯ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಹೋದ ವಾರ ಅಲ್ಲಿ ಹನ್ನೆರಡು ಇದ್ದದ್ದು ಅವರಿಗೆ ನೆನಪಿತ್ತು. ಆಂಬುಲೆನ್ಸನ್ನು ಅತ್ತಲೇ ಕಳಿಸಿದರು.

ಸುದ್ದಿ ತಿಳಿದು ನಾನು ಓಡಿಹೋಗಿ ಹಾರದಡಿ ಕೈ ತೂರಿಸಿ ಸ್ವಿಚ್ ಒತ್ತಿದೆ. ಅಣ್ಣಯ್ಯನವರು ತಡೆಯಲಿಲ್ಲ. ಯಂತ್ರ ಎಚ್ಚರಗೊಳ್ಳಲು ಕಾಲು ಗಂಟೆ ಹಿಡಿಯಿತು. ಪಿರಿಯಾಪಟ್ಟಣ, ಸೊನ್ನೆ. ಎಚ್.ಡಿ. ಕೋಟೆ, ಹತ್ತು. ಆಂಬುಲೆನ್ಸ್ ಹೋಗಿದ್ದು ತದ್ವಿರುದ್ಧ ದಿಕ್ಕಿಗೆ. ಡ್ರೈವರ್ ಬಳಿ ಮೊಬೈಲ್ ಇರಲಿಲ್ಲ. ಅದು ತಿರುಗಿ ಬಂದು ಕೋಟೆ ಮುಟ್ಟುವಾಗ ಸಂಜೆ ಕಳೆದಿತ್ತು.

ಅಲ್ಲಿದ್ದ ಹತ್ತೂ ಇಂಜೆಕ್ಷನ್ ಹಾಕಿದ ಮೇಲೆ ಜೀವ ಉಳಿಯಿತು. ಎರಡು ಬೆರಳು ತೆಗೆದರು. ನೇರವಾಗಿ ಕೋಟೆಗೇ ಹೋಗಿದ್ದರೂ ತೆಗೆಯಬೇಕಾಗುತ್ತಿತ್ತೇನೋ ಎಂದರು ಡಾಕ್ಟರು. ಆ ‘ಏನೋ’ ನನಗೆ ಸಮಾಧಾನವಾಗಲಿಲ್ಲ.

ಸುನಂದಮ್ಮನವರ ಜೊತೆ ಕೋಟೆಯ ವಾರ್ಡಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಸರ್ವರ್ ಗಿರ್ವರ್ ಕೆಂಪಾಜಮ್ಮನಿಗೆ ಅರ್ಥವಾದಂತೆ ಕಾಣಲಿಲ್ಲ. ನನ್ನ ಅಳು ಮಾತ್ರ ಅರ್ಥವಾಯಿತು.

“ಬುಡವ್ವ, ನಮ್ಮತ್ತೆಗೆ ಹತ್ತು ಬೆರಳಿದ್ರೂವೆ ಒಂದು ಕಡ್ಡಿ ಕಟ್ನಿಲ್ಲ” ಎಂದು ನಕ್ಕು, ಪಟ್ಟಿ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಸುನಂದಮ್ಮ ನಗಲಿಲ್ಲ. “ಆಗಿಲ್ಲ ಅನ್ನೋ ಒಂದ್ ಮಾತು ನಿನ್ ಬಾಯಿಗೆ ಬರ್ಲಿಲ್ವಲ್ಲೇ. ಅಂದಿದ್ರೆ ಅಣ್ಣಯ್ಯನೋರು ಆರಿಸ್ತಾನೇ ಇರ್ಲಿಲ್ಲ ಕಣೆ” ಎಂದರು.

ಆ ಶನಿವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕನೆಯದನ್ನು ತೆರೆದೆ. ನಿಂತರೆ ಇದ್ದಲ್ಲೇ ಎರಡು ಸಲ ಎಬ್ಬಿಸಿ ನೋಡು, ಏಳದಿದ್ದರೆ ತಂಗಿಯ ಬಳಿಗೆ ಹೋಗು, ಅಕ್ಕ ಎದ್ದ ಕೂಡಲೇ ಹಿಂದಕ್ಕೆ ಓಡಬೇಡ ಎಂದು ಪಟ್ಟಿಗೆ ಹೇಳಿಟ್ಟೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮುಗಿಸಿ, ಅಕ್ಕನನ್ನು ಆರಿಸಿದೆ. ಪರದೆ ಖಾಲಿಯಾಯಿತು. ಒಂದು ನಿಮಿಷದೊಳಗೆ ತಂಗಿಯಿಂದ ಪಟ್ಟಿ ಮೂಡಿತು. ಸುನಂದಮ್ಮ ಬೆರಳಿಟ್ಟು ನಾಲ್ಕೂ ಊರನ್ನು ಒಂದೊಂದಾಗಿ ಓದಿದರು. ಎಚ್.ಡಿ. ಕೋಟೆಯ ಎದುರು ಸೊನ್ನೆ ಇತ್ತು.