ಐವತ್ತೆಂಟು ಕಿಲೋ

ತನ್ನ ತೂಕ ಈಗ ಎಷ್ಟಿದೆ ಎಂದು ಔಶಾಗೆ ಗೊತ್ತಿರಲಿಲ್ಲ. ಇದೂ ಒಂದು ಚಿಂತೆಯೇ ಎಂದು ಯಾರಾದರೂ ನಗಬಹುದು. ಅವಳೇ ಎಷ್ಟೋ ಸಲ ನಗಲು ನೋಡಿದ್ದಳು, ನಗು ಬಂದಿರಲಿಲ್ಲ. ಅಂದು ಬೆಳಿಗ್ಗೆ ಕೊಲ್ಲಿಯ ಊರಾದ ಉಮ್ಮುಲ್ ಕುವೈನಿನಿಂದ ರೇಸ್ ಟ್ರ್ಯಾಕಿನ ಕಡೆ ಹೊರಟ ಕಾರಿನಲ್ಲಿ, ತೊಡೆಯ ಮೇಲೆ ದಿನಚರಿ ಇಟ್ಟುಕೊಂಡು ಬರೆದಳು: "ರಂಜಾನಿನ ಹದಿನೆಂಟನೇ ದಿನ. ಇವತ್ತೂ ಹಾಳೆಯಲ್ಲಿ ಐವತ್ತೆಂಟು ಅಂತಲೇ ಬರೆಯುತ್ತೇನೆ. ಮೊನ್ನೆ ನಮಾಜಿಗೆ ಕೈ ತೊಳೆಯುವಾಗ ಅಜ್ಜಿಯ ಉಂಗುರ ತಾನಾಗಿ ಜಾರಿ ಬಿತ್ತು. ಯಾರಿಗೂ ಹೇಳಿಲ್ಲ."

"ಏನದು, ಬರೆದೂ ಬರೆದೂ ಕಣ್ಣು ಹಾಳು ಮಾಡ್ಕೋತೀಯ," ಎಂದ ಕಾರು ಓಡಿಸುತ್ತಿದ್ದ ಅಪ್ಪ ಖಲ್ಫಾನ್. "ಪ್ರಯಾಣದಲ್ಲಿರೋರಿಗೆ ಉಪವಾಸದಿಂದ ವಿನಾಯಿತಿ ಇದೆಯವ್ವಾ. ದೇವರೇ ಕೊಟ್ಟಿದ್ದು. ಒಂದು ಗುಟುಕು ನೀರು ಕುಡಿ."

"ಬೇಡಪ್ಪ. ಅಭ್ಯಾಸ ಆಗಿದೆ."

"ನಿಮ್ಮಜ್ಜಿ ಥರಾನೇ ಹಟ. ಆಯಮ್ಮ ಹೆರಿಗೆ ನೋವಲ್ಲೂ ಉಪವಾಸ ಬಿಡಲಿಲ್ವಂತೆ."

ಔಶಾ ಕಿಟಕಿಗೆ ತಲೆ ಆನಿಸಿದಳು. ಇಪ್ಪತ್ತಮೂರು ವರ್ಷಕ್ಕೇ ಮೈಯೆಲ್ಲ ಹಳೆಯ ಸೋಫಾದಂತೆ ಒಳಗೊಳಗೇ ಕುಸಿದಿತ್ತು. ಹನ್ನೆರಡಕ್ಕೆ ಮಕ್ಕಳ ಪುಟ್ಟ ರೇಸ್ ಗಾಡಿ ಕಾರ್ಟ್ ಹತ್ತಿದವಳು. ಆಮೇಲೆ ಪದವಿ ಮುಗಿಯುವ ತನಕ ಸ್ಟೀರಿಂಗ್ ಮುಟ್ಟಬಾರದೆಂದು ಅಮ್ಮ ಅಡ್ಡ ನಿಂತಳು. ಇತಿಹಾಸದ ಪದವಿ ಗೋಡೆಗೆ ಏರಿದ ಮೇಲೆ ಬಂದು ನೋಡಿದರೆ, ಫಾರ್ಮುಲಾ ಫೋರ್ ರೇಸಿನ ಗ್ರಿಡ್ಡಿನಲ್ಲಿ ಅವಳ ಸುತ್ತ ಇದ್ದವರೆಲ್ಲ ಮೀಸೆ ಮೂಡದ ಹುಡುಗರು. ಅವರು ಅವಳನ್ನು 'ಖಾಲಾ' ಎಂದು ಕರೆಯುತ್ತಿದ್ದರು. ಚಿಕ್ಕಮ್ಮ! ಮೂರು ಸೀಸನ್ ಚಿಕ್ಕಮ್ಮನಾಗಿ ಓಡಿದ್ದಾಯಿತು. ಹನ್ನೆರಡನೆಯವಳು ಏಳನೆಯವಳಾದಳು, ಏಳನೆಯವಳು ನಾಲ್ಕನೆಯವಳಾದಳು. ಇನ್ನು ಉಳಿದಿದ್ದು ಎರಡು ರೇಸು. ಸೀಸನ್ನಿನ ಮೊದಲ ಮೂವರಿಗೆ ಬೇಸಿಗೆಯಲ್ಲಿ ಇಟಲಿಯಲ್ಲಿ ಓಡಿಸುವ ಸೀಟು ಸಿಗುವುದಿತ್ತು, ಜೊತೆಗೆ ಅವರವರ ಮೆಕ್ಯಾನಿಕ್ಕೂ ಹೋಗುವುದಿತ್ತು.

ತೂಕದ ಕಥೆ ಹುಟ್ಟಿದ್ದು ನವೆಂಬರಿನಲ್ಲಿ, ಅವಳು ಈ ಟೀಮಿಗೆ ಹೊಸದಾಗಿ ಸೇರಿದಾಗ. ಕಾರು ಮತ್ತು ಚಾಲಕ ಸೇರಿ ಐನೂರ ಎಪ್ಪತ್ತು ಕಿಲೋಗಿಂತ ಕಡಿಮೆ ಇರಬಾರದು. ಹಗುರಾದ ಕಾರು ಬೇಗ ಓಡುತ್ತದಲ್ಲ. ಚಾಲಕ ಸಣಕಲನಾದರೆ ಕಾರಿನ ತಳಕ್ಕೆ ಸೀಸದ ಹಲಗೆ ಬಿಗಿದು ಸರಿದೂಗಿಸುತ್ತಾರೆ. ಅದಕ್ಕಾಗಿ ಪ್ರತಿ ರೇಸಿನ ಬೆಳಿಗ್ಗೆ ಚಾಲಕರು ಸೂಟು, ಹೆಲ್ಮೆಟ್ ಸಮೇತ ಗ್ಯಾರೇಜಿನ ನಡುವಿನ ತೂಕದ ಯಂತ್ರ ಹತ್ತಬೇಕು. ಹುಡುಗರು ಹತ್ತುತ್ತಿದ್ದರು, ಅಂಕಿಯನ್ನು ಕೂಗುತ್ತಿದ್ದರು, "ಲೇ, ನಿನ್ನೆ ಒಂಟೆ ತಿಂದ್ಯೇನೋ," ಎಂದು ಒಬ್ಬರ ಹೊಟ್ಟೆ ಒಬ್ಬರು ತಿವಿಯುತ್ತಿದ್ದರು. ಮೊದಲ ದಿನ ಔಶಾಳ ಸರದಿ ಬಂದಾಗ ಹುಡುಗರು ತಿವಿಯುವುದು ನಿಲ್ಲಿಸಿದರು. ಮೆಕ್ಯಾನಿಕ್ ರೊಡೆಲ್, ಹದಿನಾರು ವರ್ಷದಿಂದ ಈ ದೇಶದಲ್ಲಿರುವ ಫಿಲಿಪ್ಪೀನ್ಸಿನವನು, ಯಂತ್ರದ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವಳ ಹಿಂದೆ ಕಾಲಿನ ತನಕದ ಬಿಳಿ ನಿಲುವಂಗಿ, ಕಂದೂರ ತೊಟ್ಟ ಖಲ್ಫಾನ್ ನಿಂತಿದ್ದ. ಎಂಟು ಗಂಡಸರ ಮುಂದೆ ಒಂದು ಮನೆಯ ಹೆಣ್ಣುಮಗಳ ತೂಕ ಓದುವುದೆಂದರೆ!

"ಮ್ಯಾಡಮ್, ನೀವೇ ಬರೆದ್ಬಿಡಿ," ಎಂದು ರೊಡೆಲ್ ಹಾಳೆ ಕೊಟ್ಟಿದ್ದ. ಟೀಮಿನ ಯಜಮಾನ ಬೂ ಹುಮೈದ್, ಹಿಂದೆ ಮರಳುಗಾಡಿನ ರ‍್ಯಾಲಿ ಓಡಿಸಿದ ಹಿರಿಯ, "ಸರಿ ಸರಿ, ಖಲ್ಫಾನನ ಮಗಳು ಬರೆದದ್ದೇ ತೂಕ," ಎಂದು ಮುಗಿಸಿದ್ದ.

ಅವಳಿಗೆ ಎಷ್ಟು ಹಾಯೆನಿಸಿತ್ತು! ಅಂದಾಜಿಗೆ ಐವತ್ತೆಂಟು ಎಂದು ಬರೆದು, ಮನೆಗೆ ಹೋಗಿ ಬಚ್ಚಲಿನ ತೂಕದ ಯಂತ್ರದ ಮೇಲೆ ಸೂಟು, ಹೆಲ್ಮೆಟ್ ಹಾಕಿಕೊಂಡು ನಿಂತು ನೋಡಿದ್ದಳು. ಐವತ್ತೆಂಟು. ಅಂದು ಅದು ನಿಜವೇ ಆಗಿತ್ತು. ಡಿಸೆಂಬರಿನಲ್ಲಿ ಆ ಯಂತ್ರದ ಬ್ಯಾಟರಿ ಸತ್ತಿತು. ಬದಲಿಸಬೇಕು ಎಂದುಕೊಂಡಳು, ಎಲ್ಲರೂ ಎಂದುಕೊಳ್ಳುವ ಹಾಗೆ.

ಇಂದೂ ಗ್ಯಾರೇಜಿಗೆ ಬಂದು ಹಾಳೆಯಲ್ಲಿ ಐವತ್ತೆಂಟು ಎಂದು ಬರೆದಳು. ರೊಡೆಲ್ ಅದನ್ನು ನೋಡಿದ, ಅವಳ ಮುಖ ನೋಡಿದ, ಏನೋ ಕೇಳಲು ಬಾಯಿ ತೆರೆದ.

"ನಿದ್ದೆ ಆಯ್ತಾ ಮ್ಯಾಡಮ್?" ಎಂದಷ್ಟೇ ಕೇಳಿದ.

"ಆಯ್ತು."

ರೇಸು ಮಧ್ಯಾಹ್ನ ಎರಡಕ್ಕೆ. ಮೂರನೆಯ ಸ್ಥಾನದಿಂದ ಹೊರಟಳು. ನಾಲಿಗೆ ಅಂಗುಳಿಗೆ ಅಂಟಿತ್ತು, ಕಣ್ಣಿನ ಹಿಂದೆ ಮಂದ ನೋವು. ಆದರೆ ಕಾರು ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಉದ್ದನೆಯ ನೇರ ದಾರಿ ಮುಗಿದು ಎಡಕ್ಕೆ ತಿರುಗುವಲ್ಲಿ ದಿನವೂ ಬ್ರೇಕ್ ಒತ್ತುತ್ತಿದ್ದ ಗುರುತಿಗಿಂತ ಒಂದು ಮಾರು ಮುಂದೆ ಹೋಗಿ ಒತ್ತಿದರೂ ಹಿಡಿತದಲ್ಲಿ ನಿಂತಿತು. 'ಬಂತು,' ಎಂದುಕೊಂಡಳು. 'ಮೂರು ವರ್ಷದ ಮೇಲೆ ಕೊನೆಗೂ ನನ್ನ ಕಾಲಿಗೆ ಬುದ್ಧಿ ಬಂತು.' ಒಂಬತ್ತನೇ ಸುತ್ತಿನಲ್ಲಿ ಒಬ್ಬನನ್ನು ದಾಟಿದಳು. ಕೊನೆಯ ಸುತ್ತಿನಲ್ಲಿ ಹದಿನೈದು ವರ್ಷದ ಸೈಫ್‌ನ ಒಳಬದಿಗೆ ಮೂಗು ತೂರಿಸಿದಳು. ಅರೆ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದಳು.

"ಮಬ್ರೂಕ್ ಖಾಲಾ!" ಕಾರಿನಿಂದಿಳಿದ ಸೈಫ್ ಹೆಲ್ಮೆಟ್ ತೆಗೆಯುತ್ತಲೇ ಕೂಗಿ ಅಭಿನಂದಿಸಿದ. "ವಯಸ್ಸಾದೋರು ಅಂತ ದಾರಿ ಬಿಟ್ಟೆ ಅಷ್ಟೆ!"

"ಬಾಯ್ಮುಚ್ಚೋ, ಮೊದ್ಲು ಹೋಂವರ್ಕ್ ಮುಗ್ಸು," ಎಂದಳು ಔಶಾ. ಅಷ್ಟು ಜನರ ಮುಂದೆ ಅವಳು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಗೆದ್ದವರ ಕಾರು ನೇರ ತಪಾಸಣೆಯ ತಕ್ಕಡಿಗೆ ಹೋಗಬೇಕು, ಚಾಲಕ ಒಳಗೇ ಕೂತಿರಬೇಕು. ಕೂತಳು. ಅಧಿಕಾರಿ ಅಂಕಿ ನೋಡಿ ಕಾರನ್ನು ಕೆಳಗಿಳಿಸಿ ಮತ್ತೆ ಹತ್ತಿಸಿದ. ಮತ್ತೊಮ್ಮೆ ಇಳಿಸಿ ಹತ್ತಿಸಿದ. ಮೂರನೆಯ ಸಲ ಅವನ ದನಿ ತಗ್ಗಿತ್ತು. "ಐನೂರ ಅರವತ್ತೆಂಟು ಪಾಯಿಂಟ್ ಎರಡು. ಒಂದು ಕಿಲೋ ಎಂಟುನೂರು ಗ್ರಾಂ ಕಡಿಮೆ. ಕ್ಷಮಿಸಿ ತಂಗಿ, ನಿಯಮ ಅಂದ್ರೆ ನಿಯಮ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೆಲುವು ಸೈಫ್‌ನದಾಯಿತು. ಔಶಾಳ ಹೆಸರು ಪಟ್ಟಿಯಿಂದಲೇ ಹೋಯಿತು. ಅವಳಿಗೆ ಅಳು ಬರಲಿಲ್ಲ. ಎಲ್ಲಾದರೂ ಒರಗಿದರೆ ಸಾಕು ಎನಿಸಿತು. ಮತ್ತು ಆ ಸುಸ್ತಿನ ತಳದಲ್ಲಿ ಒಂದು ಪ್ರಶ್ನೆ: ಆ ತಿರುವಿನಲ್ಲಿ ನಿಂತದ್ದು ನನ್ನ ಕಾಲಿನ ಬುದ್ಧಿಯೋ, ಇಲ್ಲದ ತೂಕವೋ?

ನಾಲ್ಕಕ್ಕೆ ಕಾರು ಗ್ಯಾರೇಜಿಗೆ ಮರಳಿತು. ರೊಡೆಲ್ ಒಂದೊಂದೇ ಸೀಸದ ಹಲಗೆ ಎಣಿಸಿದ. ಎಲ್ಲವೂ ಇದ್ದವು. ಚಾಲಕಿಯಿಲ್ಲದ ಕಾರನ್ನು ತೂಗಿ ಗೋಡೆಯ ಬಿಳಿ ಹಲಗೆಯ ಮೇಲೆ ಬರೆದ: 513. ಅದರ ಮೇಲೆ ಅಧಿಕಾರಿ ಕೊಟ್ಟ ಅಂಕಿ: 568.2. ಮೂರನೇ ತರಗತಿಯ ಮಗು ಕಳೆಯಬಹುದಾದ ಲೆಕ್ಕ. ಗ್ಯಾರೇಜಿನಲ್ಲಿದ್ದವರೆಲ್ಲ ಆ ಹಲಗೆ ನೋಡಿದರು. ಯಾರೂ ಕಳೆಯಲಿಲ್ಲ. ಬೂ ಹುಮೈದ್ ಎದ್ದು ಬಂದು ತನ್ನ ತಲೆವಸ್ತ್ರದ ಅಂಚಿನಿಂದ ಎರಡೂ ಅಂಕಿಗಳನ್ನು ಒರೆಸಿಬಿಟ್ಟ.

"ರೊಡೆಲ್, ಬೆಳಿಗ್ಗೆ ನೀನೇ ಲೆಕ್ಕ ತಪ್ಪಿದೀಯ."

ರೊಡೆಲ್ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ. "ಹೌದು ಬಾಸ್. ನಂದೇ ತಪ್ಪು."

"ರೇಸ್ ಕಮಿಟಿಗೆ ಹಾಗೇ ಬರೀತೀನಿ. ಚಾಲಕಿ ತಪ್ಪಲ್ಲ ಅಂತ ಗೊತ್ತಾದ್ರೆ ಇವತ್ತಿನ ಅಂಕ ಹೋದ್ರೂ ಇಟಲಿ ಸೀಟಿಗೆ ಅವಳ ಹೆಸರು ಉಳಿಸ್ತಾರೆ. ನೀನು ಈ ಬೇಸಿಗೆ ಇಲ್ಲೇ ವರ್ಕ್‌ಶಾಪಲ್ಲಿರು. ಬೇಜಾರು ಮಾಡ್ಕೋಬೇಡ."

"ಇಲ್ಲ ಬಾಸ್."

ಔಶಾ ಟೈರುಗಳ ಪಕ್ಕ ನಿಂತು ಇದೆಲ್ಲ ಕೇಳಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಅವರ ದಾಕ್ಷಿಣ್ಯ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರೊಳಗೆ ಉಸಿರಾಡಲು ಜಾಗವಿರಲಿಲ್ಲ.

ಹೊರಗೆ ನೆರಳಿನಲ್ಲಿ ಅಪ್ಪ ಮಡಚುವ ಕುರ್ಚಿಯಲ್ಲಿ ಕೂತು ಜಪಮಣಿ ಎಣಿಸುತ್ತಿದ್ದ. ಪಕ್ಕದಲ್ಲಿ ಉಪವಾಸ ಮುರಿಯಲು ತಂದ ಖರ್ಜೂರ, ಮಜ್ಜಿಗೆ, ಅಮ್ಮ ಕಟ್ಟಿಕೊಟ್ಟ ಗೋಧಿ-ಮಾಂಸದ ಹರೀಸ್ ಡಬ್ಬಿ.

"ಅಪ್ಪಾ, ರೊಡೆಲ್ ಲೆಕ್ಕ ಸರಿಯಾಗೇ ಇತ್ತು."

ಖಲ್ಫಾನನ ಬೆರಳು ಮಣಿಯ ಮೇಲೆ ನಿಂತಿತು. "ನಂಗೊತ್ತು."

"ಗೊತ್ತಾ?"

"ನಲವತ್ತು ವರ್ಷ ಬಂದರಲ್ಲಿ ಹಡಗು ಒಳಗೆ ತಂದವನು ನಾನು. ಎಷ್ಟು ಭಾರ ಇದೆ ಅಂತ ನೀರಲ್ಲಿ ಮುಳುಗಿರೋದು ನೋಡೇ ಹೇಳ್ತಿದ್ದೆ. ನನ್ನ ಮಗಳು ಸೊರಗಿದ್ದು ಕಾಣಲ್ವಾ?" ಅವನು ದನಿ ತಗ್ಗಿಸಿದ. "ಅವರೆಲ್ಲ ನಿನ್ನ ಮಾನ ಕಾಪಾಡ್ತಿದಾರೆ ಕಣವ್ವಾ. ಕಾಪಾಡ್ಲಿ ಬಿಡು. ನಿಜ ಹೇಳಿದ್ರೆ ಕಮಿಟಿಯೋರು ಸುಳ್ಳು ತೂಕ ಬರೆದಳು ಅಂತಾರೆ. ಸೀಟೂ ಹೋಗುತ್ತೆ, ಹೆಸರೂ ಹೋಗುತ್ತೆ."

"ರೊಡೆಲ್‌ದು?"

ಅಪ್ಪನ ಕೈಯಲ್ಲಿ ಮಣಿ ಮತ್ತೆ ಸರಿಯತೊಡಗಿತು, ಸ್ವಲ್ಪ ಬೇಗ ಬೇಗ.

ಅವಳು ಒಳಗೆ ಹೋದಳು. ರೊಡೆಲ್ ಸೀಸದ ಹಲಗೆಗಳನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಜೋಡಿಸುತ್ತಿದ್ದ.

"ಯಾಕೆ ಹೌದು ಅಂದ್ರಿ?"

"ನನ್ನ ಹೆಂಡ್ತಿ ಇಪ್ಪತ್ತು ವರ್ಷದಿಂದ ನಲವತ್ತೆಂಟೇ ಕಿಲೋ ಮ್ಯಾಡಮ್," ಎಂದ ಅವನು ತಲೆಯೆತ್ತದೆ. "ನಾನು ಒಂದಿನಾನಾದ್ರೂ ಪ್ರಶ್ನೆ ಕೇಳಿದೀನಾ? ಅದಕ್ಕೇ ಸಂಸಾರ ನಡೀತಿದೆ."

ಅವಳಿಗೆ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

"ಇಟಲಿ ಬಗ್ಗೆ ಬೇಜಾರಾಯ್ತಾ?"

"ಏನಿಲ್ಲ. ಒಂದು ದಪ್ಪ ಜಾಕೆಟ್ ತಗೊಂಡಿದ್ದೆ, ಅಲ್ಲಿ ಚಳಿ ಅಂತ. ಇಲ್ಲೇ ಮಾಲ್‌ನಲ್ಲಿ ಏಸಿ ಜೋರಾಗಿರುತ್ತಲ್ಲ, ಅಲ್ಲಿ ಹಾಕ್ಕೊಂಡು ಓಡಾಡ್ತೀನಿ." ಕೊನೆಯ ಹಲಗೆ ಇಟ್ಟು ಪೆಟ್ಟಿಗೆ ಮುಚ್ಚಿದ. "ಇವತ್ತು ಚೆನ್ನಾಗಿ ಓಡಿಸಿದ್ರಿ. ಎರಡು ಕಿಲೋ ಕಮ್ಮಿ ಆದ ಮಾತ್ರಕ್ಕೆ ಯಾರೂ ಹಾಗೆ ಓಡ್ಸಕ್ಕಾಗಲ್ಲ."

ಬೇಸಿಗೆಯಲ್ಲಿ ಇಟಲಿಗೂ ಜಾಕೆಟ್ ಬೇಕಿಲ್ಲ ಎಂದು ಅವಳು ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಮಾತುಗಳೇ ಅವಳ ಬಳಿ ಮೂರು ದಿನಚರಿಗಳಷ್ಟಿದ್ದವು. ಪದವಿಯಲ್ಲಿ ಓದಿದ ಇತಿಹಾಸವೂ ಹೀಗೇ ಆಗಿತ್ತೇನೋ ಎಂದು ಅವಳಿಗೆ ಹೊಳೆಯಿತು: ಯಾರೋ ಒಬ್ಬ ಹಿರಿಯ ಮರ್ಯಾದೆಗೆಂದು ಹಲಗೆ ಒರೆಸುತ್ತಾನೆ, ಯಾರೋ ಒಬ್ಬ ರೊಡೆಲ್ ತಪ್ಪು ನನ್ನದೇ ಎನ್ನುತ್ತಾನೆ, ಬರೆದದ್ದು ಉಳಿಯುತ್ತದೆ.

ಐದೂವರೆಗೆ ಬೂ ಹುಮೈದ್ ಪತ್ರ ಹಿಡಿದು ಬಂದ. ಕೆಲಸದವರು ನೆಲಕ್ಕೆ ಪ್ಲಾಸ್ಟಿಕ್ ಹಾಸು ಹಾಸಿ ಇಫ್ತಾರಿಗೆ ತಟ್ಟೆ ಇಡುತ್ತಿದ್ದರು. ಅಪ್ಪನೂ ಕುರ್ಚಿ ಮಡಚಿಕೊಂಡು ಒಳಗೆ ಬಂದ.

"ಖಲ್ಫಾನನ ಮಗಳೇ, ಇಲ್ಲೊಂದು ಸಹಿ ಹಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಪತ್ರ ಚಿಕ್ಕದಿತ್ತು. ಮೆಕ್ಯಾನಿಕ್ಕಿನ ಲೆಕ್ಕದ ತಪ್ಪಿನಿಂದ ಎಂದು ಶುರುವಾಗಿ, ಕೊನೆಯ ಸಾಲಿಗೆ ಬಂದು ನಿಂತಿತ್ತು: ಚಾಲಕಿಯ ತೂಕ ಐವತ್ತೆಂಟು ಕಿಲೋ. ಅದರ ಕೆಳಗೆ ಅವಳ ಸಹಿಗೆ ಖಾಲಿ ಗೆರೆ. ಪೆನ್ನು ಹಿಡಿದಳು. ಅಜ್ಜಿಯ ಉಂಗುರವಿದ್ದ ಬೆರಳಿನ ಬುಡದಲ್ಲಿ ಬೆಳ್ಳನೆಯ ಗುರುತು ಇನ್ನೂ ಇತ್ತು.

"ಬರಿ ಮಗಳೇ, ಅಜಾನ್ ಆಗೋದ್ರೊಳಗೆ ಮುಗಿಸೋಣ," ಎಂದ ಬೂ ಹುಮೈದ್.

ಔಶಾ ಪೆನ್ನನ್ನು ಪತ್ರದ ಮೇಲೆ ಅಡ್ಡ ಇಟ್ಟಳು. ಬೆಂಚಿನ ಮೇಲಿದ್ದ ಹೆಲ್ಮೆಟ್ ಎತ್ತಿಕೊಂಡಳು. ಮೈಮೇಲಿನ್ನೂ ರೇಸಿನ ಸೂಟೇ ಇತ್ತು, ಬೆವರು ಒಣಗಿ ಉಪ್ಪಿನ ಗೆರೆ ಮೂಡಿತ್ತು. ಹೆಲ್ಮೆಟ್ ತೊಟ್ಟು, ಪಟ್ಟಿ ಬಿಗಿದು, ಗ್ಯಾರೇಜಿನ ನಡುವಿಗೆ ನಡೆದಳು. ಏನು ನಡೆಯುತ್ತಿದೆ ಎಂದು ಮೊದಲು ತಿಳಿದದ್ದು ರೊಡೆಲ್‌ಗೆ.

"ಮ್ಯಾಡಮ್, ಬೇಡ," ಎಂದ.

ಅವಳು ತೂಕದ ಯಂತ್ರ ಹತ್ತಿದಳು.

ಹತ್ತಿದ ಕ್ಷಣವೇ ಗಂಡಸರೆಲ್ಲ ಮುಖ ತಿರುಗಿಸಿದರು. ಬೂ ಹುಮೈದ್ ಕೈಯಲ್ಲಿದ್ದ ಪತ್ರವನ್ನು ಹೊಸದಾಗಿ ಓದತೊಡಗಿದ. ರೊಡೆಲ್ ಗೋಡೆಯ ಸ್ಪ್ಯಾನರುಗಳನ್ನು ನೋಡಿದ. ತಟ್ಟೆ ಇಡುತ್ತಿದ್ದವರು ಖರ್ಜೂರಗಳನ್ನು ನೋಡಿದರು. ಅಪ್ಪ ತನ್ನ ಚಪ್ಪಲಿ ನೋಡಿದ. ಕೆಂಪು ಅಂಕಿಗಳು ಕುಣಿದು, ತಡವರಿಸಿ, ನಿಂತವು. ಓದುವವರು ಯಾರೂ ಇರಲಿಲ್ಲ. ಇನ್ನೂ ಇಳಿಯಬಹುದಿತ್ತು. ಇಳಿದರೆ ಏನೂ ಆಗಿಲ್ಲವೆಂಬಂತೆ ಎಲ್ಲರೂ ಈ ಕಡೆ ತಿರುಗುತ್ತಾರೆ, ಅಜಾನ್ ಆಗುತ್ತದೆ, ಮೊದಲ ಖರ್ಜೂರ ಅವಳಿಗೇ ಕೊಡುತ್ತಾರೆ.

ಅಂಕಿಯನ್ನು ಓದಿದಳು. ದನಿ ಹೆಲ್ಮೆಟ್ಟಿನೊಳಗೇ ಉಳಿಯಿತು. ಯಾರೂ ಕದಲಲಿಲ್ಲ.

ಕೈಯೆತ್ತಿ ಮುಖದ ಗಾಜನ್ನು ಮೇಲಕ್ಕೆ ಸರಿಸಿದಳು.

"ಐವತ್ತೈದು ಕಿಲೋ ಇನ್ನೂರು ಗ್ರಾಂ," ಎಂದಳು ಔಶಾ.